ಜಲಶೀತಲ ಗಣಕದ ಉಷ್ಣತೆಯನ್ನು ಅಳೆಯುವ ಕ್ರಮ

ಮಗುವಿನ ಮೈ ಬಿಸಿಯಾದರೆ ತಾಯಿಯಾದವಳು ಮೊದಲು ಹಣೆಯ ಮೇಲೆ ಕೈಯಿಟ್ಟು ನೋಡುವಳು. ಆಮೇಲೆ ಥರ್ಮಾಮೀಟರನ್ನು ಹುಡುಕುವಳು. ಬಿಸಿಯಿದೆ ಎಂಬಷ್ಟನ್ನು ಕೈ ಹೇಳಬಲ್ಲುದು. ಎಷ್ಟು ಬಿಸಿ ಎಂಬುದನ್ನು ಹೇಳಲು ಅಳತೆಯೇ ಬೇಕು. ಅಳತೆ ದೊರೆತ ಮೇಲೂ ವೈದ್ಯರು ಸುಮ್ಮನೆ ಒಪ್ಪುವುದಿಲ್ಲ. ನಾಲಗೆಯ ಕೆಳಗೆ ಇಟ್ಟಿರೋ ಕಂಕುಳಲ್ಲಿ ಇಟ್ಟಿರೋ, ಔಷಧ ಕೊಡುವ ಮೊದಲೋ ಆಮೇಲೋ, ಎಷ್ಟು ಹೊತ್ತು ಇಟ್ಟಿರಿ ಎಂದು ಕೇಳುತ್ತಾರೆ. ಸ್ಥಾನ, ಕಾಲ, ಸಂದರ್ಭ ಈ ಮೂರನ್ನು ತಿಳಿಸದ ಅಂಕೆಯು ವಿಭಕ್ತಿಯಿಲ್ಲದ ಪದದಂತೆ ಅರ್ಥಕ್ಕೆ ನಿಲುಕುವುದಿಲ್ಲ. ಈ ಮಾತು ಈಗ ಅನೇಕ ಮನೆಗಳಲ್ಲಿ ಬಂದು ಕುಳಿತಿರುವ ಒಂದು ಹೊಸ ಯಂತ್ರಕ್ಕೂ, ಎಂದರೆ ನೀರಿನಿಂದ ತಂಪುಮಾಡಲ್ಪಡುವ ಕಂಪ್ಯೂಟರಿಗೂ, ಸಂಪೂರ್ಣವಾಗಿ ಅನ್ವಯಿಸುತ್ತದೆ. ಅಂತಹ ಯಂತ್ರದ ಉಷ್ಣತೆಯನ್ನು ಹೇಗೆ ಅಳೆಯತಕ್ಕದ್ದು, ಅಳೆದ ಅಂಕೆಯನ್ನು ಹೇಗೆ ತಿಳಿಯತಕ್ಕದ್ದು ಎಂಬುದನ್ನು ಗೃಹಸ್ಥರಾದ ವಾಚಕರಿಗೆ ನಿವೇದಿಸುವುದೇ ಈ ಲೇಖನದ ಉದ್ದೇಶ. ಯಂತ್ರವನ್ನು ಬಳಸುವವರು ಸಾಮಾನ್ಯವಾಗಿ ಮಕ್ಕಳು; ಅದು ಕೆಟ್ಟಾಗ ಹಣ ತೆರುವವರು ನಾವು. ಆದಕಾರಣ ಈ ವಿಷಯವನ್ನು ನಾವೂ ತಿಳಿದಿರುವುದು ಯುಕ್ತ.

ಮೊದಲು, ಕಂಪ್ಯೂಟರು ಏಕೆ ಬಿಸಿಯಾಗುತ್ತದೆಂಬುದನ್ನು ನೋಡೋಣ. ಅದರ ಎಣಿಕೆಯ ಕೆಲಸವನ್ನೆಲ್ಲ ಮಾಡತಕ್ಕ ಭಾಗಕ್ಕೆ ಪ್ರೊಸೆಸರು ಎಂದು ಹೆಸರು. ಅದು ಒಳಗೆ ತೆಗೆದುಕೊಂಡ ವಿದ್ಯುತ್ತೆಲ್ಲವೂ ಕಡೆಗೆ ಶಾಖವಾಗಿಯೇ ಪರಿಣಮಿಸುತ್ತದೆ. ದೊಡ್ಡ ಕೆಲಸದಲ್ಲಿ ತೊಡಗಿದ ಬಲವಾದ ಪ್ರೊಸೆಸರು 200 ವ್ಯಾಟಿನಷ್ಟು ವಿದ್ಯುತ್ತನ್ನು ಸೆಳೆಯುವುದುಂಟು. ಬಟ್ಟೆಗೆ ಹಾಕುವ ಇಸ್ತ್ರಿಪೆಟ್ಟಿಗೆ 1000 ವ್ಯಾಟನ್ನು ಸೆಳೆಯುತ್ತದಾದ್ದರಿಂದ ಇದು ಅಲ್ಪವೆಂದು ತೋರಬಹುದು. ಆದರೆ ಇಸ್ತ್ರಿಪೆಟ್ಟಿಗೆಯ ಶಾಖವು ಅಂಗೈಗಿಂತ ಅಗಲವಾದ ತಳದಲ್ಲಿ ಹರಡಿಕೊಳ್ಳುತ್ತದೆ. ಪ್ರೊಸೆಸರಿನ ಶಾಖವಾದರೋ ಅಂಚೆಯ ಚೀಟಿಗಿಂತಲೂ ಕಿರಿದಾದ ಒಂದು ಸಿಲಿಕಾನ್ ಬಿಲ್ಲೆಯೊಳಗೆ ಹುಟ್ಟುತ್ತದೆ. ಸ್ಥಳಕ್ಕೆ ಸ್ಥಳವನ್ನಿಟ್ಟು ಲೆಕ್ಕ ಹಾಕಿದರೆ ಬಿಲ್ಲೆಯ ಶಾಖದ ಸಾಂದ್ರತೆಯು ಇಸ್ತ್ರಿಪೆಟ್ಟಿಗೆಯದಕ್ಕಿಂತ ಹತ್ತು ಪಾಲಿಗೂ ಮೇಲು. ಇಷ್ಟು ಶಾಖವನ್ನು ಕ್ಷಣಕ್ಷಣಕ್ಕೂ ಹೊರಕ್ಕೆ ಸಾಗಿಸದಿದ್ದರೆ ಬಿಲ್ಲೆಯು ಕೆಲವೇ ಸೆಕೆಂಡುಗಳಲ್ಲಿ ತನ್ನ ಮೇರೆಯನ್ನು ಮುಟ್ಟುತ್ತದೆ.

ಈ ಸಾಗಾಟವನ್ನು ನೀರಿನಿಂದ ಮಾಡಿಸುವುದು ಒಂದು ಉಪಾಯ. ಬಿಸಿ ಹಾಲಿನ ಪಾತ್ರೆಯನ್ನು ತಣ್ಣೀರಿನ ಬೋಗುಣಿಯಲ್ಲಿಟ್ಟು ಆರಿಸುವುದನ್ನು ನಮ್ಮ ಗೃಹಿಣಿಯರೆಲ್ಲರೂ ಬಲ್ಲರು. ಹಾಗೆ ಇಟ್ಟಾಗ ಬೋಗುಣಿಯ ನೀರು ತಾನೇ ಬಿಸಿಯಾಗಿ ಸ್ವಲ್ಪ ಹೊತ್ತಿನಲ್ಲಿ ಪ್ರಯೋಜನವನ್ನು ಕಳೆದುಕೊಳ್ಳುತ್ತದೆ. ಆಗ ನೀರನ್ನು ಬದಲಾಯಿಸಬೇಕಾಗುತ್ತದೆ. ಕಂಪ್ಯೂಟರಿನಲ್ಲಿ ನೀರನ್ನು ಬದಲಾಯಿಸುವುದಕ್ಕೆ ಬದಲಾಗಿ ಅದೇ ನೀರನ್ನು ಸುತ್ತಿಸುತ್ತಾರೆ. ಪ್ರೊಸೆಸರಿನ ಮೇಲೆ ತಾಮ್ರದ ಒಂದು ಟೊಳ್ಳು ಗಟ್ಟಿಯನ್ನು ಕೂರಿಸಿರುತ್ತಾರೆ. ಅದರೊಳಗೆ ಕೂದಲಿನಂತೆ ತೆಳುವಾದ ಸಂದುಗಳು. ಪಂಪೊಂದು ನೀರನ್ನು ಈ ಸಂದುಗಳ ಮೂಲಕ ನೂಕುತ್ತದೆ. ಅಲ್ಲಿ ಶಾಖವನ್ನು ಹೊತ್ತ ನೀರು ಕೊಳವೆಯಲ್ಲಿ ಹರಿದು ರೇಡಿಯೇಟರನ್ನು ಸೇರುತ್ತದೆ. ಫ್ಯಾನುಗಳು ಬೀಸುವ ಗಾಳಿಗೆ ಶಾಖವನ್ನೊಪ್ಪಿಸಿ ಪುನಃ ಹಿಂದಿರುಗುತ್ತದೆ. ಇದು ನಿನ್ನೆ ಮೊನ್ನೆ ಹುಟ್ಟಿದ ಯುಕ್ತಿಯಲ್ಲ. ಐಬಿಎಂ ಸಂಸ್ಥೆಯವರು 1980ರಲ್ಲಿ ಪ್ರಕಟಿಸಿದ 3081 ಎಂಬ ದೊಡ್ಡ ಗಣಕವು ನೀರಿನಿಂದಲೇ ತಂಪಾಗುತ್ತಿದ್ದಿತು. ಮೇಜಿನ ಬಳಿ ಇಟ್ಟುಕೊಳ್ಳುವ ಯಂತ್ರಗಳಲ್ಲಿ ಆಪಲ್ ಸಂಸ್ಥೆಯ ಪವರ್ ಮ್ಯಾಕ್ ಜಿ5 ಎಂಬುದು 2004ರಲ್ಲಿ ದ್ರವದ ತಂಪನ್ನು ಹೊಂದಿ ಮಾರಾಟಕ್ಕೆ ಬಂದಿತು. ಈಗ ಸಾಧಾರಣ ಅಂಗಡಿಗಳಲ್ಲಿಯೂ ಇಂತಹ ಸಲಕರಣೆಗಳು ದೊರೆಯುತ್ತವೆ.

ಇಲ್ಲಿ ನಮ್ಮ ನೈಯಾಯಿಕರ ಒಂದು ವಿಚಾರವು ನೆನಪಿಗೆ ಬರುತ್ತದೆ. ಶೀತಸ್ಪರ್ಶವು ನೀರಿನ ಸ್ವಂತ ಗುಣವೆಂದೂ ಉಷ್ಣಸ್ಪರ್ಶವು ತೇಜಸ್ಸಿನ ಗುಣವೆಂದೂ ಅವರ ಮತ. ಹಾಗಾದರೆ ಹಂಡೆಯ ನೀರು ಸುಡುವುದೇಕೆ? ಆ ಬಿಸಿ ನೀರಿನದಲ್ಲ, ನೀರಿನೊಡನೆ ಸಂಯೋಗ ಹೊಂದಿದ ತೇಜಸ್ಸಿನದು ಎಂದು ಅವರು ಸಮಾಧಾನ ಹೇಳುತ್ತಾರೆ. ಇಂದಿನ ಭೌತವಿಜ್ಞಾನವು ಇದನ್ನು ಈ ರೂಪದಲ್ಲಿ ಅಂಗೀಕರಿಸುವುದಿಲ್ಲ. ಆದರೂ ಪ್ರಸ್ತುತಕ್ಕೆ ಉಪಯೋಗವಾಗುವ ಒಂದು ಎಚ್ಚರಿಕೆ ಅದರಲ್ಲಿ ಉಂಟು. ನೀರು ಇಲ್ಲಿ ಶಾಖವನ್ನು ನುಂಗುವುದಿಲ್ಲ, ನಾಶಮಾಡುವುದೂ ಇಲ್ಲ. ಅದು ಹೊರೆಯಾಳು ಮಾತ್ರ. ಪ್ರೊಸೆಸರಿನಿಂದ ಹೊತ್ತುದನ್ನು ಕೋಣೆಯ ಗಾಳಿಗೆ ಇಳಿಸುವುದೇ ಅದರ ಕಾರ್ಯ. ಆದುದರಿಂದ ಈ ಯಂತ್ರದಲ್ಲಿ ತಿಳಿಯಬೇಕಾದ ಉಷ್ಣತೆಗಳು ಒಂದಲ್ಲ, ಮೂರು: ಕೋಣೆಯ ಗಾಳಿಯದು, ನೀರಿನದು, ಪ್ರೊಸೆಸರಿನದು. ಇವು ಕ್ರಮವಾಗಿ ಮೂರು ಮೆಟ್ಟಿಲುಗಳು. ಮೆಟ್ಟಿಲುಗಳ ನಡುವಣ ಎರಡು ಅಂತರಗಳಲ್ಲಿಯೇ ಯಂತ್ರದ ಆರೋಗ್ಯವೆಲ್ಲ ಬರೆದಿರುತ್ತದೆ. ಪ್ರೊಸೆಸರಿನ ಅಂಕೆಯೊಂದನ್ನೇ ಹಿಡಿದುಕೊಂಡು ಹೆದರುವುದಾಗಲಿ ಹಿಗ್ಗುವುದಾಗಲಿ ಸಲ್ಲದು.

ಕೊಳವೆಯನ್ನು ಕೈಯಿಂದ ಮುಟ್ಟಿ ನೋಡಿದರೆ ಸಾಲದೆ ಎಂದು ಕೆಲವರು ಕೇಳಬಹುದು. ಸಾಲದು. ಒಂದು ಕೈಯನ್ನು ಬಿಸಿನೀರಿನಲ್ಲಿಯೂ ಮತ್ತೊಂದನ್ನು ತಣ್ಣೀರಿನಲ್ಲಿಯೂ ಸ್ವಲ್ಪ ಹೊತ್ತಿಟ್ಟು, ಬಳಿಕ ಎರಡನ್ನೂ ಉಗುರುಬೆಚ್ಚಗಿನ ನೀರಿನಲ್ಲಿ ಮುಳುಗಿಸಿದರೆ, ಅದೇ ನೀರು ಒಂದು ಕೈಗೆ ತಣ್ಣಗೂ ಮತ್ತೊಂದಕ್ಕೆ ಬಿಸಿಯಾಗಿಯೂ ತೋರುವುದು. ಶಾಲೆಯಲ್ಲಿ ಈ ಪ್ರಯೋಗವನ್ನು ಮಾಡಿಸಿದಾಗಲೆಲ್ಲ ಹುಡುಗರು ತಮ್ಮ ಕೈಗಳನ್ನೇ ನಂಬದೆ ಬೆರಗಾಗುತ್ತಿದ್ದರು. ಇನ್ನೂ ಮುಖ್ಯವಾದ ಕಾರಣವೊಂದಿದೆ. ಪಂಪು ನಿಂತುಹೋದರೆ ನೀರು ಹರಿಯುವುದಿಲ್ಲ. ಶಾಖವು ತಾಮ್ರದ ಗಟ್ಟಿಯ ಬಳಿಯಲ್ಲಿಯೇ ಉಳಿಯುತ್ತದೆ. ದೂರದ ಕೊಳವೆಯು ತಣ್ಣಗೇ ಇರುತ್ತದೆ. ಒಳಗೆ ಪ್ರೊಸೆಸರು ಕುದಿಯುತ್ತಿರುವಾಗ ಹೊರಗೆ ಮುಟ್ಟಿದವನು ಎಲ್ಲವೂ ಕ್ಷೇಮವೆಂದು ಭಾವಿಸುವನು. ತಣ್ಣಗಿರುವ ಕೊಳವೆಯು ಕ್ಷೇಮದ ಲಕ್ಷಣವೂ ಆಗಬಹುದು, ಅಪಾಯದ ಲಕ್ಷಣವೂ ಆಗಬಹುದು. ಎರಡು ವಿರುದ್ಧ ಸಾಧ್ಯಗಳಿಗೂ ಸಮಾನವಾಗಿ ಹೊಂದುವ ಹೇತುವಿನಿಂದ ಯಾವುದನ್ನೂ ಸಾಧಿಸಲಾಗುವುದಿಲ್ಲವೆಂಬುದು ತರ್ಕಶಾಸ್ತ್ರದ ಮೊದಲ ಪಾಠಗಳಲ್ಲೊಂದು.

ಈಗ ಮೇಲಿನ ಮೆಟ್ಟಿಲಿನಿಂದ ಪ್ರಾರಂಭಿಸೋಣ. ಪ್ರೊಸೆಸರಿನೊಳಗೆ ಅದನ್ನು ಮಾಡಿದವರೇ ಉಷ್ಣಮಾಪಕಗಳನ್ನು ಹುದುಗಿಸಿಟ್ಟಿರುತ್ತಾರೆ. ಅಲ್ಲಿ ಪಾದರಸವಿಲ್ಲ. ಸಿಲಿಕಾನಿನ ಸಂಧಿಯೊಂದರಲ್ಲಿ ನಿಯತವಾದ ವಿದ್ಯುತ್ತು ಹರಿಯುವಾಗ ಅದರ ಎರಡು ಕೊನೆಗಳ ನಡುವಣ ವೋಲ್ಟೇಜು ಉಷ್ಣತೆಯು ಒಂದು ಡಿಗ್ರಿ ಏರಿದಂತೆಲ್ಲ ಸುಮಾರು 2 ಮಿಲಿವೋಲ್ಟಿನಷ್ಟು ಇಳಿಯುತ್ತದೆ. ಈ ಇಳಿತವನ್ನು ಅಳೆದು ಯಂತ್ರವು ಉಷ್ಣತೆಯನ್ನು ಊಹಿಸುತ್ತದೆ. ಹೊಗೆಯಿಂದ ಬೆಂಕಿಯನ್ನು ತಿಳಿಯುವಂತೆ ಇದೂ ಅನುಮಾನವೇ ಹೊರತು ಪ್ರತ್ಯಕ್ಷವಲ್ಲ.

ಇಂಟೆಲ್ ಸಂಸ್ಥೆಯ ಪ್ರೊಸೆಸರುಗಳಲ್ಲಿ ಮತ್ತೊಂದು ವಿಶೇಷವಿದೆ. ಅವುಗಳೊಳಗಿನ ಮಾಪಕವು ಸೊನ್ನೆಯಿಂದ ಮೇಲಕ್ಕೆ ಎಣಿಸುವುದಿಲ್ಲ. ಸಹಿಸತಕ್ಕ ಪರಮಾವಧಿಯಿಂದ ಕೆಳಕ್ಕೆ ಎಣಿಸುತ್ತದೆ. "ಮೇರೆಗೆ ಇನ್ನು ಇಷ್ಟು ಡಿಗ್ರಿ ಉಳಿದಿದೆ" ಎಂಬುದೇ ಅದರ ಮೂಲ ವಾಕ್ಯ. ನಮ್ಮ ತೆರೆಯ ಮೇಲೆ ಕಾಣುವ ಅಂಕೆಯು ಆ ಮೇರೆಯಿಂದ ಈ ಶೇಷವನ್ನು ಕಳೆದು ಪಡೆದದ್ದು. ಈ ತಿರುವುಮುರುವಾದ ಎಣಿಕೆಯನ್ನು ಕಂಡು ಆಶ್ಚರ್ಯಪಡಬೇಕಾಗಿಲ್ಲ. ಸ್ವೀಡನ್ ದೇಶದ ಜ್ಯೋತಿರ್ವಿಜ್ಞಾನಿ ಆಂಡರ್ಸ್ ಸೆಲ್ಸಿಯಸ್ 1742ರಲ್ಲಿ ತನ್ನ ಮಾನವನ್ನು ಸೂಚಿಸಿದಾಗ ನೀರು ಕುದಿಯುವ ಬಿಂದುವಿಗೆ 0 ಎಂದೂ ಹೆಪ್ಪುಗಟ್ಟುವ ಬಿಂದುವಿಗೆ 100 ಎಂದೂ ಇಟ್ಟಿದ್ದನು. ಅದನ್ನು ತಲೆಕೆಳಗು ಮಾಡಿ ಇಂದಿನ ರೂಪಕ್ಕೆ ತಂದದ್ದು ಆಮೇಲೆ. ಮೇರೆಯ ವಿಷಯಕ್ಕೆ ಬಂದರೆ, ಇಂಟೆಲಿನ ಇತ್ತೀಚಿನ ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ ಅನೇಕವಕ್ಕೆ ಅದು 100 ಡಿಗ್ರಿ. ಎಎಂಡಿ ಸಂಸ್ಥೆಯ ರೈಜೆನ್ 7000 ಸಾಲಿನಲ್ಲಿ ಅನೇಕವಕ್ಕೆ 95 ಡಿಗ್ರಿ. ತಮ್ಮ ಮನೆಯ ಪ್ರೊಸೆಸರಿನ ಮೇರೆಯೆಷ್ಟೆಂಬುದನ್ನು ತಯಾರಕರ ವಿವರಪತ್ರದಲ್ಲಿ ನೋಡಿ ಬರೆದಿಟ್ಟುಕೊಳ್ಳತಕ್ಕದ್ದು.

ಮೇರೆಯನ್ನು ಕಾಯುವುದಕ್ಕಾಗಿ ಇಟ್ಟ ಮಾಪಕವಾದುದರಿಂದ ಅದರ ನಿಖರತೆಯು ಮೇರೆಯ ಸಮೀಪದಲ್ಲಿ ಹೆಚ್ಚು, ದೂರದಲ್ಲಿ ಕಡಿಮೆ. ಯಂತ್ರವು ಕೆಲಸವಿಲ್ಲದೆ ಸುಮ್ಮನಿರುವಾಗ ತೋರುವ ಕಡಿಮೆ ಅಂಕೆಗಳನ್ನು ಅಕ್ಷರಶಃ ನಂಬಬಾರದು. ಒಂದು ಕೋರು 34 ಎಂದೂ ಪಕ್ಕದ ಕೋರು 39 ಎಂದೂ ತೋರಿದರೆ ಅದು ರೋಗವಲ್ಲ. ತಯಾರಕರು ಬುದ್ಧಿಪೂರ್ವಕವಾಗಿಯೇ ಅಂಕೆಯನ್ನು ಹೆಚ್ಚಿಸಿ ತೋರಿಸಿದ ಉದಾಹರಣೆಯೂ ಉಂಟು. 2017ರಲ್ಲಿ ಬಂದ ಎಎಂಡಿ ರೈಜೆನ್ 7 ಸಾಲಿನ 1700ಎಕ್ಸ್ ಮತ್ತು 1800ಎಕ್ಸ್ ಎಂಬ ಪ್ರೊಸೆಸರುಗಳು ಫ್ಯಾನಿನ ನಿಯಂತ್ರಣಕ್ಕಾಗಿ ಹೊರಗೆ ಹೇಳುತ್ತಿದ್ದ ಉಷ್ಣತೆಯು ನಿಜವಾದ ಉಷ್ಣತೆಗಿಂತ 20 ಡಿಗ್ರಿ ಹೆಚ್ಚಾಗಿದ್ದಿತು. ಇದನ್ನರಿಯದೆ 70 ಎಂದು ಓದಿ ಗಾಬರಿಗೊಂಡವನ ಯಂತ್ರವು ವಾಸ್ತವವಾಗಿ 50 ಡಿಗ್ರಿಯಲ್ಲಿ ಸುಖವಾಗಿದ್ದಿತು.

ಈ ಅಂಕೆಗಳನ್ನು ತೋರಿಸುವುದಕ್ಕೆ ಎಚ್‌ಡಬ್ಲ್ಯುಇನ್ಫೋ, ಕೋರ್ ಟೆಂಪ್ ಮೊದಲಾದ ಪ್ರೋಗ್ರಾಮುಗಳಿವೆ. ತೆರೆದೊಡನೆ ಹತ್ತಾರು ಉಷ್ಣತೆಗಳ ಪಟ್ಟಿಯೇ ಎದುರಾಗುತ್ತದೆ. ಅದರಲ್ಲಿ ಪ್ರತಿಯೊಂದು ಕೋರಿಗೂ ಒಂದು ಅಂಕೆ, ಇಡಿಯ ಪ್ರೊಸೆಸರಿಗೆ ಒಂದು ಅಂಕೆ, ಮದರ್‌ಬೋರ್ಡಿನ ಮೇಲೆ ಅಲ್ಲಲ್ಲಿ ಇಟ್ಟ ಮಾಪಕಗಳಿಗೆ ಒಂದೊಂದು ಅಂಕೆ ಇರುತ್ತವೆ. ಬೋರ್ಡಿನ ಮಾಪಕವು ಪ್ರೊಸೆಸರಿನ ಹೊರಗೆ ಇರುವುದರಿಂದ ನೆರೆಹೊರೆಯ ಬಿಡಿಭಾಗಗಳ ಬಿಸಿಯನ್ನು ಕೂಡಿಸಿಕೊಂಡು ಹೇಳುತ್ತದೆ. ದಾಸವಾಳದ ಪಕ್ಕದಲ್ಲಿಟ್ಟ ಸ್ಫಟಿಕವು ತಾನೇ ಕೆಂಪೆಂಬಂತೆ ಕಾಣುವುದೆಂದು ನಮ್ಮ ಶಾಸ್ತ್ರಕಾರರು ಕೊಡುವ ದೃಷ್ಟಾಂತವು ಇಲ್ಲಿ ಚೆನ್ನಾಗಿ ಒಪ್ಪುತ್ತದೆ. ಆದಕಾರಣ ಇಡಿಯ ಪ್ರೊಸೆಸರಿಗೆ ಸಂಬಂಧಿಸಿದ ಒಂದೇ ಸಾಲನ್ನು ಆರಿಸಿಕೊಂಡು, ಪ್ರತಿ ಸಲವೂ ಅದನ್ನೇ ಓದತಕ್ಕದ್ದು. ಇಂದು ಒಂದು ಸಾಲನ್ನೂ ನಾಳೆ ಮತ್ತೊಂದನ್ನೂ ಓದಿದರೆ ಹೋಲಿಕೆಯೇ ಅಸಾಧ್ಯವಾಗುತ್ತದೆ.

ಎರಡನೆಯ ಮೆಟ್ಟಿಲು ನೀರು. ಇದನ್ನು ಅಳೆಯಲು ಥರ್ಮಿಸ್ಟರು ಎಂಬ ಸಣ್ಣ ವಸ್ತುವನ್ನು ಬಳಸುತ್ತಾರೆ. ಬಿಸಿಯೇರಿದಂತೆಲ್ಲ ಇದರ ವಿದ್ಯುತ್ ಪ್ರತಿರೋಧವು ಇಳಿಯುತ್ತದೆ. ಕಂಪ್ಯೂಟರಿನ ನೀರಿಗೆ ಮಾರುವ ಬಗೆಯು ಸಾಮಾನ್ಯವಾಗಿ 25 ಡಿಗ್ರಿಯಲ್ಲಿ 10,000 ಓಮ್ ಪ್ರತಿರೋಧವುಳ್ಳದ್ದು. ತಿರುಪಿನ ಬಿರಡೆಯೊಳಗೆ ಕೂರಿಸಿದ ಇದನ್ನು ನೀರಿನ ದಾರಿಯಲ್ಲಿ ಎಲ್ಲಿಯಾದರೂ ಬಿಗಿದು, ಅದರ ತಂತಿಯನ್ನು ಮದರ್‌ಬೋರ್ಡಿನಲ್ಲಿ ಅದಕ್ಕೆಂದು ಇರುವ ಎರಡು ಮುಳ್ಳುಗಳಿಗೆ ಸಿಕ್ಕಿಸಿದರೆ ಮುಗಿಯಿತು. ಪ್ರೊಸೆಸರಿನ ಮುಂದೆ ಇಡಬೇಕೋ ಹಿಂದೆ ಇಡಬೇಕೋ ಎಂದು ಅನೇಕರು ತಲೆ ಕೆಡಿಸಿಕೊಳ್ಳುತ್ತಾರೆ. ಸ್ವಲ್ಪ ಲೆಕ್ಕವು ಈ ಸಂದೇಹವನ್ನು ನಿವಾರಿಸುತ್ತದೆ. ಒಂದು ಲೀಟರು ನೀರನ್ನು ಒಂದು ಡಿಗ್ರಿ ಏರಿಸಲು ಸುಮಾರು 4186 ಜೂಲ್ ಶಾಖ ಬೇಕು. ನಿಮಿಷಕ್ಕೆ ಒಂದು ಲೀಟರು ಹರಿಯುತ್ತಿದ್ದರೆ, ಅದನ್ನು ಒಂದು ಡಿಗ್ರಿ ಏರಿಸಲು ಸುಮಾರು 70 ವ್ಯಾಟು ಬೇಕೆಂದಾಯಿತು. ನಾಲ್ಕು ಲೀಟರು ಹರಿಯುತ್ತಿದ್ದರೆ 280 ವ್ಯಾಟು. ಹೀಗಿರಲು 200 ವ್ಯಾಟಿನ ಪ್ರೊಸೆಸರನ್ನು ಹಾದುಹೋದ ನೀರು ಒಂದು ಡಿಗ್ರಿಯಷ್ಟೂ ಏರುವುದಿಲ್ಲ. ಸುತ್ತಿನ ಎಲ್ಲ ಕಡೆಯಲ್ಲಿಯೂ ನೀರು ಹೆಚ್ಚುಕಡಮೆ ಒಂದೇ ಉಷ್ಣತೆಯಲ್ಲಿರುವುದರಿಂದ ಅಳೆಯುವ ಸ್ಥಾನದ ಚಿಂತೆ ಅನಾವಶ್ಯಕ.

ಮಾಪಕವು ಸತ್ಯ ಹೇಳುತ್ತದೆಯೇ ಎಂಬುದನ್ನು ಪರೀಕ್ಷಿಸುವುದು ಅವಶ್ಯ. ತಂತಿಯ ತುದಿಯಲ್ಲಿ ಬಿಡಿಯಾಗಿರುವ ಮಾಪಕವಾದರೆ, ತೆಳುವಾದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಪುಡಿಮಾಡಿದ ಮಂಜುಗಡ್ಡೆಯೂ ನೀರೂ ಬೆರೆತ ಲೋಟದಲ್ಲಿ ಐದು ನಿಮಿಷ ಮುಳುಗಿಸಬೇಕು. ಸೊನ್ನೆಗೆ ಎಷ್ಟು ಹತ್ತಿರ ಬರುವುದೋ ನೋಡಬೇಕು. ಕುದಿಯುವ ನೀರಿನಿಂದ ಪರೀಕ್ಷಿಸಹೊರಟವರು ಒಂದು ವಿಷಯವನ್ನು ಜ್ಞಾಪಕದಲ್ಲಿಡಬೇಕು: ಸಮುದ್ರಮಟ್ಟದಿಂದ ಸುಮಾರು 920 ಮೀಟರು ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು 100 ಡಿಗ್ರಿಗೆ ಕುದಿಯುವುದಿಲ್ಲ, ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಆದರೆ ಇವೆರಡಕ್ಕಿಂತಲೂ ಸುಲಭವಾದ ಪರೀಕ್ಷೆಯೊಂದಿದೆ. ರಾತ್ರಿಯೆಲ್ಲ ಯಂತ್ರವನ್ನು ಆರಿಸಿಡಿ. ಬೆಳಗ್ಗೆ ಹೊತ್ತಿಸಿದ ಮೊದಲ ನಿಮಿಷದಲ್ಲಿಯೇ ನೀರಿನ ಅಂಕೆಯನ್ನೂ ಕೋಣೆಯ ಥರ್ಮಾಮೀಟರಿನ ಅಂಕೆಯನ್ನೂ ಓದಿ. ಇಡೀ ರಾತ್ರಿ ಒಟ್ಟಿಗಿದ್ದ ನೀರೂ ಗಾಳಿಯೂ ಒಂದೇ ಉಷ್ಣತೆಗೆ ಬಂದಿರತಕ್ಕದ್ದು. ಎರಡು ಅಂಕೆಗಳ ನಡುವೆ ವ್ಯತ್ಯಾಸವಿದ್ದರೆ ಅದೇ ಮಾಪಕಗಳ ದೋಷ. ಮುಂದಿನ ಎಲ್ಲ ಲೆಕ್ಕಗಳಲ್ಲಿ ಅದನ್ನು ಕಳೆಯಬೇಕು.

ಮೂರನೆಯ ಮೆಟ್ಟಿಲು ಕೋಣೆಯ ಗಾಳಿ. ಇದನ್ನು ಅಳೆಯುವುದು ಅತಿ ಸುಲಭವಾದುದರಿಂದಲೇ ಜನರು ಇದನ್ನು ಮರೆಯುತ್ತಾರೆ. ಥರ್ಮಾಮೀಟರನ್ನು ಬಿಸಿಲು ಬೀಳುವ ಗೋಡೆಗೆ ತೂಗಹಾಕಬಾರದು. ಯಂತ್ರದ ಬಿಸಿ ಗಾಳಿ ಹೊರಬರುವ ಬೆನ್ನಿನ ಕಡೆಗೂ ಇಡಬಾರದು. ಯಾವ ಗಾಳಿಯನ್ನು ರೇಡಿಯೇಟರು ಒಳಕ್ಕೆಳೆದುಕೊಳ್ಳುತ್ತದೆಯೋ ಆ ಗಾಳಿಯ ದಾರಿಯಲ್ಲಿ, ಒಂದು ಗೇಣು ದೂರದಲ್ಲಿ ಇಡಬೇಕು. ಮೇಜಿನ ಕೆಳಗೆ ಮೂಲೆಯಲ್ಲಿ ಯಂತ್ರವನ್ನು ಇಟ್ಟಿರುವ ಮನೆಗಳಲ್ಲಿ ಅದು ಉಗುಳಿದ ಬಿಸಿ ಗಾಳಿಯನ್ನೇ ಅದು ಮತ್ತೆ ಕುಡಿಯುತ್ತಿರುವುದು ಇದರಿಂದ ಬಯಲಾಗುತ್ತದೆ. ಅಂತಹ ಸಂದರ್ಭದಲ್ಲಿ ಪೆಟ್ಟಿಗೆಯನ್ನು ಗೋಡೆಯಿಂದ ಒಂದು ಮೊಳ ಈಚೆಗೆ ಎಳೆಯುವುದೇ ಸಾಕಾದ ಚಿಕಿತ್ಸೆ.

ಇನ್ನು ಕಾಲದ ವಿಚಾರ. ಪ್ರೊಸೆಸರಿನ ಅಂಕೆಯು ಒಗ್ಗರಣೆಯ ಸಾಸಿವೆಯಂತೆ ಸಿಡಿದು ಹಾರುತ್ತದೆ. ಕೆಲಸ ಕೊಟ್ಟ ಒಂದೆರಡು ಸೆಕೆಂಡಿನಲ್ಲಿ ಮೂವತ್ತು ಡಿಗ್ರಿ ಏರುವುದು ವಿಶೇಷವಲ್ಲ. ನೀರಾದರೋ ಬಚ್ಚಲ ಹಂಡೆಯಂತೆ ಸಾವಕಾಶವಾಗಿ ಕಾಯುತ್ತದೆ. ಸುತ್ತಿನಲ್ಲಿ ಒಂದು ಲೀಟರು ನೀರಿದ್ದು, ಅದಕ್ಕೆ 200 ವ್ಯಾಟು ಬೀಳುತ್ತಿದ್ದರೆ ಮೊದಲ ಡಿಗ್ರಿ ಏರಲು ಇಪ್ಪತ್ತೊಂದು ಸೆಕೆಂಡು ಬೇಕು. ನೀರು ಬಿಸಿಯಾದಂತೆ ಗಾಳಿಗೆ ಹೆಚ್ಚು ಹೆಚ್ಚು ಶಾಖ ಹೋಗುವುದರಿಂದ ಮುಂದಿನ ಒಂದೊಂದು ಡಿಗ್ರಿಗೂ ಇನ್ನಷ್ಟು ಹೊತ್ತು ಹಿಡಿಯುತ್ತದೆ. ಒಳಬರುವ ಶಾಖವೂ ಹೊರಹೋಗುವ ಶಾಖವೂ ಸಮವಾದಾಗ ಮಾತ್ರ ನೀರು ಒಂದು ಅಂಕೆಯಲ್ಲಿ ನೆಲೆ ನಿಲ್ಲುವುದು. ಎರಡು ನಿಮಿಷದ ಪರೀಕ್ಷೆಯನ್ನು ಮಾಡಿ "ನಮ್ಮ ಯಂತ್ರವು ಬಹಳ ತಂಪು" ಎನ್ನುವುದು ಒಲೆ ಹೊತ್ತಿಸಿದೊಡನೆ ಹಂಡೆಯನ್ನು ಮುಟ್ಟಿ "ಈ ಒಲೆಯಲ್ಲಿ ಉರಿಯೇ ಇಲ್ಲ" ಎಂದಂತೆ. ಕಾಲು ಗಂಟೆಯಿಂದ ಅರ್ಧ ಗಂಟೆಯವರೆಗೆ ಯಂತ್ರವನ್ನು ದುಡಿಸಿ, ನೀರಿನ ಅಂಕೆಯು ಐದು ನಿಮಿಷಗಳ ಕಾಲ ಕದಲದೆ ನಿಂತಮೇಲೆ ಮೂರೂ ಅಂಕೆಗಳನ್ನು ಒಟ್ಟಿಗೆ ಬರೆದುಕೊಳ್ಳತಕ್ಕದ್ದು.

ದುಡಿಸುವ ಕೆಲಸವೂ ಪ್ರತಿ ಸಲ ಒಂದೇ ಆಗಿರಬೇಕು. ಪ್ರೈಮ್95 ಎಂಬ ಪ್ರೋಗ್ರಾಮು ಇದಕ್ಕೆ ಪ್ರಸಿದ್ಧವಾದುದು. ಮರ್ಸೆನ್ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕುವುದಕ್ಕಾಗಿ ಹುಟ್ಟಿದ ಇದು ಪ್ರೊಸೆಸರಿಗೆ ಬೆವರಿಳಿಸುವ ಪರೀಕ್ಷಕನೂ ಆಗಿ ಪರಿಣಮಿಸಿತು. ಚಿತ್ರ ರಚಿಸುವ ಸಿನೆಬೆಂಚ್ ಎಂಬುದನ್ನೂ ಬಳಸಬಹುದು. ಉಷ್ಣತೆಗಳ ಜೊತೆಗೆ ಪ್ರೊಸೆಸರು ಸೆಳೆಯುತ್ತಿರುವ ವ್ಯಾಟು ಎಷ್ಟು, ಅದರ ವೇಗವೆಷ್ಟು ಎಂಬ ಎರಡು ಅಂಕೆಗಳನ್ನೂ ಬರೆಯಬೇಕು. ಇದಕ್ಕೆ ಬಲವಾದ ಕಾರಣವಿದೆ. ಪ್ರೊಸೆಸರು ತನ್ನ ಮೇರೆಯನ್ನು ಮುಟ್ಟಿದೊಡನೆ ಪ್ರಾಣರಕ್ಷಣೆಗಾಗಿ ವೇಗವನ್ನು ತಾನೇ ಕುಗ್ಗಿಸಿಕೊಳ್ಳುತ್ತದೆ. ಆಗ ಉಷ್ಣತೆಯು ಮೇಲಕ್ಕೆ ಹೋಗದೆ ಅಲ್ಲಿಯೇ ನಿಲ್ಲುತ್ತದೆ. ಅಂಕೆ ಏರುತ್ತಿಲ್ಲವೆಂದು ನೋಡುವವನು ಸಂತೋಷಪಡುವನು. ಯಂತ್ರವು ಕುಂಟುತ್ತಿರುವುದನ್ನು ಅವನು ಕಾಣನು. ವೇಗವನ್ನು ಬರೆದಿಟ್ಟವನಿಗೆ ಮಾತ್ರ ಈ ಕುಂಟು ತಿಳಿಯುತ್ತದೆ.

ಇದೆಲ್ಲದರ ಪ್ರಯೋಜನವನ್ನು ನಮ್ಮ ಮನೆಯಲ್ಲಿ ನಡೆದ ಸಂಗತಿಯಿಂದ ಸ್ಪಷ್ಟಪಡಿಸುತ್ತೇವೆ. ನಮ್ಮ ಮಗನು ಇನ್ನೂ ಕಟ್ಟದಿರುವ ಕಟ್ಟಡಗಳ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ರಚಿಸಿಕೊಡುವ ವೃತ್ತಿಯವನು. ಒಂದೊಂದು ಚಿತ್ರಕ್ಕೆ ಯಂತ್ರವು ಗಂಟೆಗಟ್ಟಲೆ ದುಡಿಯಬೇಕು. ಹೇಳಿದ ದಿನಕ್ಕೆ ಚಿತ್ರ ಹೋಗದಿದ್ದರೆ ಮುಂದಿನ ಕೆಲಸ ಬರುವುದಿಲ್ಲ. ಯಂತ್ರವು ಹೊಸದಾಗಿ ಬಂದ ಜನವರಿಯಲ್ಲಿ, 200 ವ್ಯಾಟಿನ ಕಟ್ಟು ಹಾಕಿ ದುಡಿಸಿ, ಹಳೆಯ ಹಾಜರಿ ಪುಸ್ತಕವೊಂದರಲ್ಲಿ ನಾವು ಮೂರು ಅಂಕೆಗಳನ್ನು ಬರೆದಿಟ್ಟಿದ್ದೆವು: ಕೋಣೆ 25, ನೀರು 33, ಪ್ರೊಸೆಸರು 74. ಎಂದರೆ ನೀರಿಗೂ ಕೋಣೆಗೂ ಅಂತರ 8. ಪ್ರೊಸೆಸರಿಗೂ ನೀರಿಗೂ ಅಂತರ 41. ಮರುವರ್ಷದ ಏಪ್ರಿಲ್ ತಿಂಗಳಲ್ಲಿ ಮಧ್ಯಾಹ್ನದ ಹೊತ್ತು ಯಂತ್ರವು ನಿಧಾನವಾಗತೊಡಗಿತು. ಬೆಳಗ್ಗೆ ಮೂರು ಗಂಟೆಯಲ್ಲಿ ಮುಗಿಯುವ ಚಿತ್ರಕ್ಕೆ ಮಧ್ಯಾಹ್ನ ನಾಲ್ಕೂವರೆ ಗಂಟೆ ಹಿಡಿಯಿತು. ಒಪ್ಪಿಸಬೇಕಾದ ದಿನಕ್ಕೆ ಇನ್ನು ಒಂದು ವಾರವೂ ಇರಲಿಲ್ಲ.

ಮಗನು ಬೇಸಗೆಯೇ ಕಾರಣವೆಂದನು. ಅಂಗಡಿಯವರನ್ನು ಕೇಳಿದರೆ, "ಮೇಷ್ಟ್ರೇ, ಈ ರೇಡಿಯೇಟರು ಸಣ್ಣದು, ದೊಡ್ಡದು ಹಾಕಿಸಿಬಿಡಿ, ಫ್ಯಾನುಗಳನ್ನೂ ಬದಲಾಯಿಸಿಬಿಡಿ" ಎಂದರು. ಅದಕ್ಕೆ ಅವರು ಹೇಳಿದ ಮೊತ್ತವು ನಮ್ಮ ಒಂದು ತಿಂಗಳ ಮನೆಖರ್ಚಿಗೆ ಸಮನಾಗಿದ್ದಿತು. ಪುಸ್ತಕವನ್ನು ತೆರೆದು, ಅದೇ 200 ವ್ಯಾಟಿನಲ್ಲಿ ಅರ್ಧ ಗಂಟೆ ದುಡಿಸಿ, ಪುನಃ ಅಳೆದೆವು: ಕೋಣೆ 33, ನೀರು 41, ಪ್ರೊಸೆಸರು 98. ವಾಚಕರು ಈಗ ತಾವೇ ಲೆಕ್ಕ ಹಾಕಬಹುದು. ಬೇಸಗೆಯೊಂದೇ ಕಾರಣವಾಗಿದ್ದರೆ, ಕೋಣೆಯ 33ಕ್ಕೆ ಹಳೆಯ ಅಂತರಗಳಾದ 8ನ್ನೂ 41ನ್ನೂ ಕೂಡಿಸಿ 82 ಬರಬೇಕಾಗಿದ್ದಿತು. ಬಂದದ್ದು 98. ಹದಿನಾರು ಡಿಗ್ರಿಗೆ ಬೇಸಗೆಯು ಹೊಣೆಯಲ್ಲ. ರೇಡಿಯೇಟರು ಅಪರಾಧಿಯಾಗಿದ್ದರೆ ನೀರಿಗೂ ಕೋಣೆಗೂ ಇರುವ ಅಂತರ ಹೆಚ್ಚಾಗಬೇಕಾಗಿದ್ದಿತು. ಅದು 8 ಆಗಿಯೇ ಇತ್ತು. ಪ್ರಪಂಚದಲ್ಲಿಯೇ ಶ್ರೇಷ್ಠವಾದ ರೇಡಿಯೇಟರನ್ನು ತಂದು ಆ 8ನ್ನು ಸೊನ್ನೆ ಮಾಡಿದರೂ ಪ್ರೊಸೆಸರು 90ರಲ್ಲಿ ನಿಲ್ಲುತ್ತಿತ್ತೇ ಹೊರತು 82ಕ್ಕೆ ಇಳಿಯುತ್ತಿರಲಿಲ್ಲ. 41 ಇದ್ದದ್ದು 57 ಆಗಿದ್ದ ಇನ್ನೊಂದು ಅಂತರದಲ್ಲಿಯೇ ದೋಷವಿರತಕ್ಕದ್ದು. ಎಂದರೆ ಪ್ರೊಸೆಸರಿಗೂ ನೀರಿಗೂ ನಡುವೆ.

ಆ ನಡುವೆ ಇರುವುದು ಎರಡೇ ವಸ್ತು: ತಾಮ್ರದ ಗಟ್ಟಿ, ಮತ್ತು ಅದಕ್ಕೂ ಪ್ರೊಸೆಸರಿಗೂ ಮಧ್ಯೆ ಸವರುವ ಶಾಖವಾಹಕ ಲೇಪ. ಪಂಪಿನ ಸುತ್ತುಗಳ ಸಂಖ್ಯೆ ಎಂದಿನಂತೆಯೇ ಇದ್ದಿತು. ಯಂತ್ರವನ್ನು ಆರಿಸಿ, ನೀರನ್ನು ಬಸಿದು, ಮಗನು ಗಟ್ಟಿಯನ್ನು ಬಿಚ್ಚಿದನು. ಮೆತ್ತನೆಯ ಪ್ಲಾಸ್ಟಿಕ್ ಕೊಳವೆಗಳಿಂದ ಕಾಲಕ್ರಮದಲ್ಲಿ ಜಿನುಗಿದ ಬಿಳಿಯ ಜಿಡ್ಡು ಒಳಗಿನ ಸಂದುಗಳಲ್ಲಿ ಅರ್ಧದಷ್ಟನ್ನು ಕಟ್ಟಿಹಾಕಿದ್ದಿತು. ಲೇಪವೂ ಒಣಗಿ ಅಂಚಿಗೆ ಸರಿದಿದ್ದಿತು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸಂದುಗಳನ್ನು ತಿಕ್ಕಿ, ಹೊಸ ಲೇಪವನ್ನು ಸವರಿ, ಕೊಳವೆಗಳನ್ನು ಬದಲಾಯಿಸಿ, ಮರುದಿನ ಮಧ್ಯಾಹ್ನ ಅಳೆದಾಗ ಕೋಣೆ 33, ನೀರು 41, ಪ್ರೊಸೆಸರು 83. ಚಿತ್ರಗಳು ಹೇಳಿದ ದಿನಕ್ಕೆ ಹೋದವು. ಅಂಗಡಿಯವರು ದುರುದ್ದೇಶದಿಂದ ಹೇಳಿದರೆಂದು ನಾವೆನ್ನಲಾರೆವು. ಹಿಂದಿನ ಅಳತೆಯು ಅವರ ಕೈಯಲ್ಲಿ ಇರಲಿಲ್ಲ, ನಮ್ಮ ಕೈಯಲ್ಲಿದ್ದಿತು. ಇಷ್ಟೇ ವ್ಯತ್ಯಾಸ.

ಈ ಕ್ರಮದಿಂದ ಬೇರೆ ದೋಷಗಳನ್ನೂ ವಿಂಗಡಿಸಬಹುದು. ನೀರಿಗೂ ಕೋಣೆಗೂ ಅಂತರ ಹೆಚ್ಚಿ, ಪ್ರೊಸೆಸರಿಗೂ ನೀರಿಗೂ ಅಂತರ ಮೊದಲಿನಂತೆಯೇ ಇದ್ದರೆ ರೇಡಿಯೇಟರಿನಲ್ಲಿ ಧೂಳು ಕಟ್ಟಿರಬೇಕು, ಇಲ್ಲವೆ ಫ್ಯಾನು ಸೋತಿರಬೇಕು. ಕೆಲಸ ಕೊಟ್ಟ ಒಂದೆರಡು ಸೆಕೆಂಡಿನಲ್ಲಿಯೇ ಪ್ರೊಸೆಸರು ಮೇರೆಗೆ ಹಾರಿ, ನೀರು ತಣ್ಣಗೇ ಇದ್ದರೆ ಪಂಪು ನಿಂತಿದೆ, ಅಥವಾ ಗಟ್ಟಿಯು ಸರಿಯಾಗಿ ಕೂತಿಲ್ಲ. ಅಂತಹ ಯಂತ್ರವನ್ನು ಕೂಡಲೆ ಆರಿಸತಕ್ಕದ್ದು. ಎರಡು ಅಂತರಗಳೂ ಮೊದಲಿನಂತೆಯೇ ಇದ್ದು ಮೂರು ಅಂಕೆಗಳೂ ಸಮನಾಗಿ ಏರಿದ್ದರೆ ಅದು ಋತುಧರ್ಮ. ಯಂತ್ರಕ್ಕೆ ಏನನ್ನೂ ಮಾಡಬೇಕಾದುದಿಲ್ಲ. ರೇಡಿಯೇಟರು ಎಷ್ಟೇ ದೊಡ್ಡದಾದರೂ ನೀರನ್ನು ಕೋಣೆಗಿಂತ ತಂಪುಮಾಡಲಾರದು. ಏಪ್ರಿಲ್ ಮೇ ತಿಂಗಳುಗಳಲ್ಲಿ 40 ಡಿಗ್ರಿಯನ್ನು ದಾಟುವ ಕಲಬುರಗಿಯಂತಹ ಊರಿನಲ್ಲಿ, ಕಿಟಕಿ ತೆರೆದ ಕೋಣೆಯ ನೀರು 50 ಡಿಗ್ರಿಯ ಹತ್ತಿರ ಹೋದರೆ ಆಶ್ಚರ್ಯವಿಲ್ಲ. ಹಲವು ಪಂಪುಗಳಿಗೆ ತಯಾರಕರು ವಿಧಿಸಿರುವ ನೀರಿನ ಮೇರೆ 60 ಡಿಗ್ರಿಯೆಂಬುದನ್ನು ಮಾತ್ರ ಅಲ್ಲಿಯವರು ಮರೆಯಬಾರದು.

ಕಾರ್ಖಾನೆಯಲ್ಲಿಯೇ ನೀರು ತುಂಬಿ ಮುಚ್ಚಿ ಮಾರುವ ಸಲಕರಣೆಗಳಲ್ಲಿ ಮಾಪಕವನ್ನು ನಾವು ಸೇರಿಸಲಾಗುವುದಿಲ್ಲ. ಅವುಗಳಲ್ಲಿ ಕೆಲವು ತಮ್ಮ ನೀರಿನ ಉಷ್ಣತೆಯನ್ನು ತಾವೇ ತಿಳಿಸುತ್ತವೆ. ತಿಳಿಸದಿದ್ದ ಪಕ್ಷದಲ್ಲಿ ಪ್ರೊಸೆಸರಿಗೂ ಕೋಣೆಗೂ ಇರುವ ಒಟ್ಟು ಅಂತರವನ್ನು ಬರೆದಿಡಬೇಕು. ದೋಷವೆಲ್ಲಿದೆಯೆಂಬುದನ್ನು ಅದು ಹೇಳಲಾರದು, ದೋಷವಿದೆಯೆಂಬುದನ್ನಾದರೂ ಹೇಳುತ್ತದೆ.

ಕಡೆಯದಾಗಿ ಕೆಲವು ಎಚ್ಚರಿಕೆಗಳು. ನಲ್ಲಿಯ ಅಥವಾ ಬಾವಿಯ ನೀರನ್ನು ಈ ಸುತ್ತಿಗೆ ತುಂಬಬಾರದು. ಪಾತ್ರೆಯ ತಳಕ್ಕೆ ಹಿಡಿಯುವ ಸುಣ್ಣದಂತಹ ಗಸಿಯು ತೆಳು ಸಂದುಗಳಿಗೂ ಹಿಡಿಯುತ್ತದೆ. ಭಟ್ಟಿಯಿಳಿಸಿದ ನೀರಿಗೆ ಪಾಚಿಯನ್ನೂ ತುಕ್ಕನ್ನೂ ತಡೆಯುವ ದ್ರವ್ಯವನ್ನು ಸೇರಿಸಿ ಬಳಸಬೇಕು, ಅಥವಾ ಇದಕ್ಕೆಂದೇ ಸಿದ್ಧಪಡಿಸಿದ ದ್ರವವನ್ನು ಕೊಳ್ಳಬೇಕು. ಒಂದೇ ಸುತ್ತಿನಲ್ಲಿ ತಾಮ್ರವನ್ನೂ ಅಲ್ಯೂಮಿನಿಯಮ್ಮನ್ನೂ ಬೆರೆಸಬಾರದು. ನೀರಿನ ಮೂಲಕ ಎರಡು ಲೋಹಗಳ ನಡುವೆ ವಿದ್ಯುತ್ಕ್ರಿಯೆ ನಡೆದು ಅಲ್ಯೂಮಿನಿಯಮ್ಮು ಸವೆಯುತ್ತದೆ. ಮಾಪಕದ ಬಿರಡೆಯನ್ನು ಹೊಸದಾಗಿ ಬಿಗಿದಾಗ ಕೂಡಲೆ ಕಂಪ್ಯೂಟರನ್ನು ಹೊತ್ತಿಸದೆ, ಪಂಪಿಗೊಂದಕ್ಕೇ ಬೇರೆಯಾಗಿ ವಿದ್ಯುತ್ತು ಕೊಟ್ಟು, ಸಂದುಗಳ ಕೆಳಗೆಲ್ಲ ಕಾಗದವನ್ನು ಹಾಸಿ, ಒಂದು ರಾತ್ರಿ ಕಾಗದವು ನೆನೆಯದಿರುವುದನ್ನು ನೋಡಿಕೊಳ್ಳತಕ್ಕದ್ದು. ವಿದ್ಯುತ್ತಿನ ಹುರಿಯನ್ನು ಗೋಡೆಯಿಂದ ಕೀಳದೆ ಪೆಟ್ಟಿಗೆಯೊಳಗೆ ಕೈಹಾಕಕೂಡದು.

ಇಷ್ಟನ್ನು ಮಾಡಲು ಬೇಕಾದುದು ಕೋಣೆಗೆ ಒಂದು ಥರ್ಮಾಮೀಟರು, ನೀರಿಗೆ ಒಂದು ಥರ್ಮಿಸ್ಟರು, ಮತ್ತು ಒಂದು ನೋಟುಬುಕ್ಕು. ಯಂತ್ರವು ಚೆನ್ನಾಗಿರುವಾಗಲೇ ಮೊದಲ ಸಾಲನ್ನು ಬರೆಯಬೇಕು. ಕೆಟ್ಟಮೇಲೆ ಬರೆದ ಮೊದಲ ಸಾಲಿಗೆ ಹೋಲಿಸಲು ಏನೂ ಇರುವುದಿಲ್ಲ. ಆಮೇಲೆ ಋತುವಿಗೊಂದು ಸಲ, ದಿನಾಂಕ, ಕೋಣೆ, ನೀರು, ಪ್ರೊಸೆಸರು, ವ್ಯಾಟು, ವೇಗ ಎಂದು ಆರು ಅಂಕಣಗಳನ್ನು ತುಂಬಿದರೆ ಸಾಕು. ಯಂತ್ರವನ್ನು ರಿಪೇರಿಗೆ ಕೊಡಬೇಕಾಗಿ ಬಂದಾಗ ಈ ಪುಸ್ತಕವನ್ನೂ ಅದರ ಜೊತೆಗೆ ಕಳುಹಿಸಿಕೊಡುವುದು ಉತ್ತಮ.